ಗಡಿಗೆಯ ಮೊಸರು ಬರ್ಫ ಯಾಕಾಗುವುದಿಲ್ಲ?

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋದವರು ದೇವಿಯ ದರ್ಶನವನ್ನು ಎಷ್ಟು ನೆನಪಿಡುತ್ತಾರೋ ಗುಡಿಯ ಹೊರಗಿನ ಊಟವನ್ನೂ ಅಷ್ಟೇ ನೆನಪಿಡುತ್ತಾರೆ. ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ ಕೊಡುತ್ತಾರೆ. ಜೊತೆಗೆ ಪುಟ್ಟ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ಬಿಸಿಲಲ್ಲಿ ನಡೆದು ಬಂದವರು ಆ ಮೊಸರನ್ನು ಬಾಯಿಗಿಟ್ಟರೆ ಹೊಟ್ಟೆಯವರೆಗೂ ತಂಪು.

ಬನದ ಹುಣ್ಣಿಮೆಯ ಜಾತ್ರೆಗೆ ಹೋದಾಗ ಏಳನೆಯ ತರಗತಿಯ ನನ್ನ ಮೊಮ್ಮಗಳು ಆ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು:

“ಅಜ್ಜಾ, ಗಡಿಗಿ ನೀರು ಜಿನುಗಿಸಿ ತಣ್ಣಗ ಆಗ್ತದ ಅಂತ ನೀವ ಹೇಳೀರಿ. ಹಿಂಗ ತಣ್ಣಗಾಗ್ತಾನ ಹೋದ್ರ ಬರ್ಫ ಆಗಬೇಕಲ್ಲ? ಯಾಕ ಆಗಂಗಿಲ್ಲ?”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಆದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. “ಅದಕ್ಕೂ ಒಂದು ಮಿತಿ ಇರ್ತದವ್ವಾ” ಎಂದು ಹೇಳಿ, ನಾಟಕ ಕಂಪನಿಯ ಬಣ್ಣದ ಬೋರ್ಡು ತೋರಿಸಿ ಅವಳ ಗಮನ ಬೇರೆ ಕಡೆ ತಿರುಗಿಸಿದೆ. ಮಿತಿ ಇರುತ್ತದೆ ಎಂಬುದು ಸುಳ್ಳಲ್ಲ. ಆದರೆ ಆ ಮಿತಿ ಎಲ್ಲಿದೆ, ಅದನ್ನು ಯಾರು ಗೊತ್ತುಮಾಡುತ್ತಾರೆ ಎಂದು ಹೇಳದಿದ್ದರೆ ಅದು ಉತ್ತರವೂ ಅಲ್ಲ. ಆ ಪ್ರಶ್ನೆ ಮೂರು ತಿಂಗಳು ಸುಮ್ಮನೆ ಕಾದಿತ್ತು. ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯ ಹಳೆಯ ಫ್ರಿಜ್ಜು ಅದನ್ನು ಮತ್ತೆ ಎದುರಿಗೆ ತಂದು ನಿಲ್ಲಿಸಿತು.

ಫ್ರಿಜ್ಜು ನಿಲ್ಲದೆ ಓಡಿತು, ತಣ್ಣಗಾಗಲಿಲ್ಲ

ನಮ್ಮ ಮನೆಯಲ್ಲಿ ಫ್ರಿಜ್ಜು ಐಸ್‌ಕ್ರೀಮಿಗಾಗಿ ಇಟ್ಟದ್ದಲ್ಲ. ನನ್ನ ಹೆಂಡತಿಗೆ, ಅಂದರೆ ಮೊಮ್ಮಗಳ ಆಯಿಗೆ, ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂದು ಅದರ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಬಿಸಿಯಾದರೆ ಔಷಧದ ಶಕ್ತಿ ಕುಂದುತ್ತದೆ. ಹೆಪ್ಪುಗಟ್ಟಿದರಂತೂ ಕೆಟ್ಟೇ ಹೋಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ಕೆಟ್ಟ ಸೀಸೆಯೂ ಒಮ್ಮೊಮ್ಮೆ ಒಳ್ಳೆಯ ಸೀಸೆಯಂತೆಯೇ ಕಾಣುತ್ತದೆ. ಅದೇ ಅದರ ಅಪಾಯ.

ಏಪ್ರಿಲ್ ಎರಡನೆಯ ವಾರ ಒಂದು ಮುಂಜಾನೆ ಹಾಲು ಒಡೆಯಿತು. ಮರುದಿನ ಮತ್ತೆ ಒಡೆಯಿತು. ಫ್ರಿಜ್ಜಿನ ಹಿಂದಿನ ಯಂತ್ರ ಮಾತ್ರ ಗುಂಯ್ ಎಂದು ಹಗಲು ರಾತ್ರಿ ಓಡುತ್ತಲೇ ಇತ್ತು. ನಾನು ಒಳಗಿನ ಗುಂಡಿಯನ್ನು ಪೂರ್ತಿ ತಿರುಗಿಸಿ “ಅತಿ ತಂಪು” ಎಂಬಲ್ಲಿಗೆ ಇಟ್ಟೆ. ಏನೂ ಬದಲಾಗಲಿಲ್ಲ. ನನ್ನ ಹಳೆಯ ಪೆಟ್ಟಿಗೆಯಿಂದ ಥರ್ಮಾಮೀಟರ್ ತೆಗೆದು, ಒಂದು ಲೋಟ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನೊಳಗೆ ಇಟ್ಟೆ. ಎರಡು ತಾಸು ಬಿಟ್ಟು ನೋಡಿದರೆ 13 ಡಿಗ್ರಿ. ಸಂಜೆಗೂ 13. ರಾತ್ರಿ ಮಲಗುವ ಮುಂದೆಯೂ ಹೆಚ್ಚೂಕಡಿಮೆ ಅಷ್ಟೇ.

ರಿಪೇರಿಯವರಿಗೆ ಫೋನು ಮಾಡಿದೆ. ಬೇಸಿಗೆ, ಎಲ್ಲರ ಮನೆಯಲ್ಲೂ ಇದೇ ಗೋಳು, ನಾಲ್ಕು ದಿನ ಬರಲಾಗುವುದಿಲ್ಲ ಎಂದರು. “ಗ್ಯಾಸ್ ಹೋಗಿರಬೇಕು, ಇಲ್ಲಾ ಕಂಪ್ರೆಸರ್ ಹೋಗಿರಬೇಕು. ಕಂಪ್ರೆಸರ್ ಅಂದ್ರ ಖರ್ಚು ಭಾಳ ಆಗ್ತದ್ರಿ” ಎಂದೂ ಹೇಳಿದರು. ಡಾಕ್ಟರಿಗೆ ಕೇಳಿ, ಅವರು ಹೇಳಿದಂತೆ ತೆರೆಯದ ಸೀಸೆಗಳನ್ನು ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸಿ ಬಂದೆ.

ಮೊಮ್ಮಗಳು ಥರ್ಮಾಮೀಟರ್ ನೋಡುತ್ತ ನಿಂತಿದ್ದಳು.

“ಅಜ್ಜಾ, ಮಷೀನು ಕೆಟ್ಟಿದ್ರ ಹೊರಗಿನಷ್ಟ ಬಿಸಿ ಆಗಬೇಕಿತ್ತು. ಛಲೋ ಇದ್ರ ತಣ್ಣಗ ಆಗಬೇಕಿತ್ತು. ಇದು ನಡುವ 13ಕ್ಕ ಯಾಕ ನಿಂತದ? ಗಡಿಗಿ ಹಂಗ?”

ಗಡಿಗೆಯ ಹಾಗೆ! ಜಾತ್ರೆಯ ಪ್ರಶ್ನೆ ಮತ್ತೆ ಬಂತು. ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ.

ತೂತಿನ ಬಾಟಲಿ

ಮೊದಲು ಬಚ್ಚಲಿಗೆ ಹೋದೆವು. ನೀವೂ ಇದನ್ನು ಮಾಡಿ ನೋಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ದೊಡ್ಡವರಿಂದ ಕತ್ತರಿಸಿಕೊಳ್ಳಿ. ತಳದ ಹತ್ತಿರ ಒಂದು ಸಣ್ಣ ತೂತು ಮಾಡಿಸಿ. ಬಾಟಲಿಯನ್ನು ನಳದ ಕೆಳಗಿಟ್ಟು ಸಣ್ಣಗೆ ನೀರು ಬಿಡಿ. (ಕೆಳಗೆ ಒಂದು ಬಕೆಟ್ ಇಡಿ. ನಮ್ಮ ಕಡೆ ಬೇಸಿಗೆಯಲ್ಲಿ ನೀರು ಚೆಲ್ಲಿದರೆ ಆಯಿ ಸುಮ್ಮನಿರುವುದಿಲ್ಲ.)

ಮೊದಮೊದಲು ಬಾಟಲಿಯಲ್ಲಿ ನೀರು ಏರುತ್ತದೆ. ನೀರು ಏರಿದಷ್ಟೂ ತೂತಿನ ಮೇಲೆ ಒತ್ತಡ ಹೆಚ್ಚಿ, ಹೊರಗೆ ಹೋಗುವ ನೀರೂ ಹೆಚ್ಚುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಎತ್ತರದಲ್ಲಿ ನೀರು ನಿಂತುಬಿಡುತ್ತದೆ. ನಳ ಸುರಿಯುತ್ತಲೇ ಇದೆ, ತೂತು ಸೋರುತ್ತಲೇ ಇದೆ. ಆದರೆ ಮಟ್ಟ ಅಲುಗುವುದಿಲ್ಲ. ಬರುವುದೂ ಹೋಗುವುದೂ ಸಮವಾದ ಜಾಗ ಅದು. ನಳವನ್ನು ಇನ್ನಷ್ಟು ತಿರುಗಿಸಿದರೆ ಮಟ್ಟ ಏರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ತೂತನ್ನು ಅರ್ಧ ಮುಚ್ಚಿದರೂ ಹಾಗೆಯೇ.

ಇದನ್ನು ಸ್ಥಿರಸ್ಥಿತಿ ಎನ್ನುತ್ತಾರೆ. ಸ್ಥಿರ ಎಂದರೆ ಕೆಲಸ ನಿಂತಿದೆ ಎಂದಲ್ಲ. ಎರಡೂ ಕಡೆ ಕೆಲಸ ನಡೆಯುತ್ತಿದೆ, ಲೆಕ್ಕ ಸರಿದೂಗಿದೆ, ಅಷ್ಟೆ.

ಗಡಿಗೆಯಲ್ಲಿ ನೀರಿನ ಬದಲು ಶಾಖದ ಲೆಕ್ಕ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಂದರೆ ಒಂದು ಲೋಟ, ಸುಮಾರು 200 ಗ್ರಾಂ, ನೀರು ಆರಿಹೋದರೆ, ಹನ್ನೊಂದು ಲೀಟರಿಗಿಂತ ಹೆಚ್ಚು ನೀರನ್ನು 10 ಡಿಗ್ರಿ ತಣಿಸುವಷ್ಟು ಶಾಖ ಅದರೊಂದಿಗೆ ಹೋಗುತ್ತದೆ. ಆದರೆ ಗಡಿಗೆ ತಣ್ಣಗಾದಷ್ಟೂ ಸುತ್ತಲಿನ ಬಿಸಿಗಾಳಿಯಿಂದ ಒಳಗೆ ಬರುವ ಶಾಖ ಹೆಚ್ಚುತ್ತದೆ, ಆವಿಯಾಗುವ ವೇಗ ಕಡಿಮೆಯಾಗುತ್ತದೆ. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡೂ ಸಮವಾದಲ್ಲಿ ಗಡಿಗೆ ನಿಲ್ಲುತ್ತದೆ. ಆ ಜಾಗ ನಮ್ಮ ಊರಿನ ಗಾಳಿಯಲ್ಲಿ ಬರ್ಫಕ್ಕಿಂತ ತುಂಬಾ ಮೇಲೆಯೇ ಇರುತ್ತದೆ.

“ಹಂಗಾದ್ರ ಫ್ರಿಜ್ಜೂ 13ಕ್ಕ ಲೆಕ್ಕ ಸರಿ ಮಾಡ್ಕೊಂಡು ನಿಂತದ” ಎಂದಳು ಮೊಮ್ಮಗಳು.

“ಹೌದು. ಆ ಲೆಕ್ಕ ನಾವೂ ಮಾಡೋಣು. ಯಾವ ಕಡೆ ತಪ್ಪ್ಯದ ನೋಡೋಣು.”

ಶಾಖವನ್ನು ಸೇದುವ ಬಾವಿ

ಲೆಕ್ಕಕ್ಕೆ ಮೊದಲು ಯಂತ್ರದ ಪರಿಚಯ ಬೇಕು. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಬಾವಿಯಿಂದ ನೀರು ಸೇದಿದ ಹಾಗೆ. ನೀರು ತಾನಾಗಿ ಕೆಳಗೆ ಹರಿಯುತ್ತದೆ, ಮೇಲೆ ತರಲು ರಟ್ಟೆ ಬೇಕು. ಶಾಖವೂ ತಾನಾಗಿ ಬಿಸಿಯಿಂದ ತಂಪಿಗೆ ಹರಿಯುತ್ತದೆ, ತಂಪಿನಿಂದ ಬಿಸಿಗೆ ತರಲು ಕಂಪ್ರೆಸರ್ ಬೇಕು.

ಈ ಸೇದುವ ಕೊಡವೇ ಫ್ರಿಜ್ಜಿನ ಕೊಳವೆಗಳಲ್ಲಿ ಸುತ್ತುವ ಅನಿಲ. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಇರುವುದು ಐಸೊಬ್ಯುಟೇನ್, ಅಡುಗೆ ಅನಿಲದ ಹತ್ತಿರದ ನೆಂಟ. ನೀರು 100 ಡಿಗ್ರಿಯಲ್ಲಿ ಕುದಿದರೆ ಇದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೇ ಕುದಿಯುತ್ತದೆ. ಒತ್ತಡ ಇಳಿಸಿದರೆ ಇನ್ನೂ ಕೆಳಗೆ. ಫ್ರಿಜ್ಜಿನ ಒಳಗಿನ ಕೊಳವೆಯಲ್ಲಿ ಅದು ಕುದಿದು ಆವಿಯಾಗುವಾಗ ಒಳಗಿನ ಶಾಖ ಹೀರುತ್ತದೆ. ಗಡಿಗೆಯ ಮೈಮೇಲೆ ನೀರು ಮಾಡುವ ಕೆಲಸವೇ ಇದು. ವ್ಯತ್ಯಾಸ ಒಂದೇ: ಗಡಿಗೆಯ ಆವಿ ಗಾಳಿಗೆ ಹೋಯಿತೆಂದರೆ ಹೋಯಿತು. ಫ್ರಿಜ್ಜಿನ ಆವಿಯನ್ನು ಕಂಪ್ರೆಸರ್ ಹಿಡಿದು, ಒತ್ತಿ, ಬಿಸಿ ಮಾಡಿ ಹಿಂದಿನ ಕಪ್ಪು ಜಾಲರಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖವನ್ನು ಕೋಣೆಯ ಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಅಲ್ಲಿಂದ ಕೂದಲೆಳೆಯಂಥ ಸಣ್ಣ ಕೊಳವೆಯಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಒಳಗೆ ಬರುತ್ತದೆ. ಮತ್ತೆ ಕುದಿಯುತ್ತದೆ. ಇದೇ ಸುತ್ತು.

1834ರಲ್ಲಿ ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಹತ್ತು ವರ್ಷ ಮೊದಲು, 1824ರಲ್ಲಿ, ಫ್ರಾನ್ಸಿನ ಸಾದಿ ಕಾರ್ನೊ ಎಂಬ ಯುವ ಎಂಜಿನಿಯರ್ ಶಾಖಯಂತ್ರಗಳ ಮೂಲ ನಿಯಮವನ್ನು ಬರೆದಿಟ್ಟಿದ್ದ. ಆ ನಿಯಮವನ್ನು ಬಾವಿಯ ಭಾಷೆಯಲ್ಲಿ ಹೇಳಬಹುದು: ಬಾವಿ ಆಳವಾದಷ್ಟೂ ಅದೇ ದುಡಿಮೆಗೆ ಸಿಗುವ ಕೊಡಗಳು ಕಡಿಮೆ. ಫ್ರಿಜ್ಜಿನ ಒಳಗಿನ ತಂಪಿಗೂ ಹಿಂದಿನ ಜಾಲರಿಯ ಬಿಸಿಗೂ ಇರುವ ಅಂತರವೇ ಆ ಆಳ. ಜಾಲರಿ ಹೆಚ್ಚು ಬಿಸಿಯಾದರೆ ಬಾವಿ ಆಳವಾಯಿತು ಎಂದೇ ಅರ್ಥ.

ಇದನ್ನು ಹೇಳುತ್ತಿದ್ದಂತೆ ನನಗೇ ಒಂದು ಅನುಮಾನ ಬಂತು. ಆದರೆ ಬಾಯಿ ಬಿಡಲಿಲ್ಲ. ಲೆಕ್ಕವೇ ಹೇಳಲಿ ಎಂದುಕೊಂಡೆ.

ಊಹಿಸು, ಲೆಕ್ಕ ಹಾಕು, ತಿದ್ದು

ಮೊಮ್ಮಗಳ ರಫ್ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಬರೆದೆವು. ಒಂದು “ಒಳಗೆ ಬರುವ ಶಾಖ”, ಇನ್ನೊಂದು “ಹೊರಗೆ ಹೋಗುವ ಶಾಖ”. ಅಂಕಿಗಳನ್ನು ಅವಳಿಗೆ ಸುಲಭವಾಗಲೆಂದು ನಾನು ದುಂಡಗೆ ಮಾಡಿಕೊಂಡೆ. ನಿಜವಾದ ಫ್ರಿಜ್ಜಿನ ಅಂಕಿ ಇಷ್ಟು ಸಲೀಸಾಗಿರುವುದಿಲ್ಲ.

ಒಳಗೆ ಬರುವುದು: ಫ್ರಿಜ್ಜಿನ ಗೋಡೆ ಎಷ್ಟೇ ದಪ್ಪವಿದ್ದರೂ ಶಾಖ ನುಸುಳುತ್ತದೆ. ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದೂವರೆ ವಾಟ್ ಎಂದು ಹಿಡಿದೆವು. ಫ್ರಿಜ್ಜು ಇದ್ದ ಮೂಲೆಯಲ್ಲಿ ಆಗ 40 ಡಿಗ್ರಿ. ಬಾಗಿಲು ತೆರೆದು ಮುಚ್ಚುವುದಕ್ಕೆ, ಬಾಗಿಲಿನ ರಬ್ಬರು ಸರಿಯಾಗಿ ಕೂಡದ್ದಕ್ಕೆ 30 ವಾಟ್ ಸೇರಿಸಿದೆವು.

ಹೊರಗೆ ಹೋಗುವುದು: ಯಂತ್ರ ನಿಲ್ಲದೆ ಓಡಿದರೆ, ಒಳಗೆ ಸೊನ್ನೆ ಡಿಗ್ರಿ ಇದ್ದಾಗ 48 ವಾಟ್ ಎತ್ತುತ್ತದೆ, ಒಳಗಿನ ಬಿಸಿ ಒಂದೊಂದು ಡಿಗ್ರಿ ಏರಿದಂತೆ 2 ವಾಟ್ ಹೆಚ್ಚು ಎತ್ತುತ್ತದೆ ಎಂದುಕೊಂಡೆವು. ಒಳಗೆ ಬಿಸಿ ಹೆಚ್ಚಿದ್ದರೆ ಅನಿಲ ಹೆಚ್ಚು ದಟ್ಟವಾಗಿ ಕಂಪ್ರೆಸರಿಗೆ ಬರುತ್ತದೆ. ಒಂದೊಂದು ಹೊಡೆತಕ್ಕೂ ಹೆಚ್ಚು ಅನಿಲ ಸಾಗುತ್ತದೆ. ಅದಕ್ಕೇ ಈ ಏರಿಕೆ.

“ಈಗ ಒಳಗ ಎಷ್ಟು ಡಿಗ್ರಿ ಇರ್ತದ, ಸುಮ್ಮನ ಒಂದು ಅಂದಾಜು ಹೇಳು” ಎಂದೆ.

“ನಾಕು!” ಆಯಿಯ ಇನ್ಸುಲಿನ್‌ಗೆ ಬೇಕಾದ ಅಂಕಿ ಅದು.

4 ಡಿಗ್ರಿಯಾದರೆ ವ್ಯತ್ಯಾಸ 36. ಒಳಗೆ ಬರುವುದು 54 ಕೂಡಿಸು 30, ಒಟ್ಟು 84 ವಾಟ್. ಹೊರಗೆ ಹೋಗುವುದು 48 ಕೂಡಿಸು 8, ಒಟ್ಟು 56. ಬರುವುದೇ ಹೆಚ್ಚು. ಅಂದರೆ ಫ್ರಿಜ್ಜು 4ರಲ್ಲಿ ನಿಲ್ಲಲಾರದು, ಬಿಸಿಯಾಗುತ್ತದೆ.

“ಹಂಗಾದ್ರ ಇಪ್ಪತ್ತು.”

20 ಡಿಗ್ರಿಗೆ ಬರುವುದು 60, ಹೋಗುವುದು 88. ಹೋಗುವುದು ಹೆಚ್ಚು, ಅಂದರೆ ತಣ್ಣಗಾಗುತ್ತದೆ. ಉತ್ತರ 4 ಮತ್ತು 20ರ ನಡುವೆ ಎಲ್ಲೋ ಇದೆ. ಅವಳು 10 ಎಂದಳು. ಬರುವುದು 75, ಹೋಗುವುದು 68. ಹತ್ತಿರ ಬಂತು, ಆದರೂ ಬರುವುದೇ ಸ್ವಲ್ಪ ಹೆಚ್ಚು. 12 ಎಂದಳು. ಬರುವುದು 42 ಕೂಡಿಸು 30, ಎಂದರೆ 72. ಹೋಗುವುದು 48 ಕೂಡಿಸು 24, ಎಂದರೆ 72.

ಅವಳು ಪೆನ್ಸಿಲ್ ಕೆಳಗಿಟ್ಟು ಥರ್ಮಾಮೀಟರ್ ನೋಡಿದಳು. ನಮ್ಮ ಲೆಕ್ಕ 12 ಹೇಳಿತ್ತು, ಫ್ರಿಜ್ಜು 13 ಹೇಳುತ್ತಿತ್ತು. ದುಂಡಗೆ ಮಾಡಿದ ಅಂಕಿಗಳಿಗೆ ಅಷ್ಟು ಸಾಕು.

ಗುಂಡಿ ತಿರುಗಿಸಿದರೂ ಯಾಕೆ ಏನೂ ಆಗಲಿಲ್ಲ ಎಂಬುದೂ ಈಗ ತಿಳಿಯಿತು. ಗುಂಡಿಯ ಕೆಲಸ ಸಾಕಷ್ಟು ತಣ್ಣಗಾದ ಮೇಲೆ ಯಂತ್ರವನ್ನು ನಿಲ್ಲಿಸುವುದು. ನಮ್ಮ ಫ್ರಿಜ್ಜು ನಿಲ್ಲುವ ಹಂತಕ್ಕೇ ತಲುಪುತ್ತಿರಲಿಲ್ಲ. ಇರುವ ಶಕ್ತಿಯನ್ನೆಲ್ಲ ಹಾಕಿ ಓಡುತ್ತಿರುವ ಎತ್ತಿಗೆ ಇನ್ನೊಂದು ಏಟು ಹಾಕಿದ ಹಾಗಾಗಿತ್ತು ನನ್ನ ಕೆಲಸ.

ಎಂಜಿನಿಯರುಗಳೂ ಮಾಡುವುದು ಇದನ್ನೇ

ಊಹಿಸು, ಲೆಕ್ಕ ಹಾಕು, ತಪ್ಪು ಎಷ್ಟೆಂದು ನೋಡು, ತಿದ್ದು, ಮತ್ತೆ ಲೆಕ್ಕ ಹಾಕು. ಇದು ಮಕ್ಕಳ ಆಟದಂತೆ ಕಂಡರೂ ದೊಡ್ಡ ದೊಡ್ಡ ಶೀತಲ ಯಂತ್ರಗಳನ್ನು ವಿನ್ಯಾಸ ಮಾಡುವವರ ದಾರಿಯೂ ಇದೇ. ನಾವು ಒಂದೇ ಅಂಕಿಯನ್ನು ಊಹಿಸಿದೆವು. ಅವರು ಒಮ್ಮೆಗೇ ಹಲವನ್ನು ಊಹಿಸುತ್ತಾರೆ. ಒಳಗಿನ ಕೊಳವೆಯಲ್ಲಿ ಅನಿಲ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ? ಹಿಂದಿನ ಜಾಲರಿಯಲ್ಲಿ ಎಷ್ಟು ಡಿಗ್ರಿಯಲ್ಲಿ ದ್ರವವಾಗುತ್ತದೆ? ಈ ಎರಡು ಊಹೆ ಹಿಡಿದುಕೊಂಡು, ಕಂಪ್ರೆಸರ್ ತಾಸಿಗೆ ಎಷ್ಟು ಅನಿಲ ತಳ್ಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆ ಸಣ್ಣ ಕೊಳವೆಯಲ್ಲಿ ತಾಸಿಗೆ ಎಷ್ಟು ನುಸುಳುತ್ತದೆ ಎಂದು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಸುತ್ತುವ ಅನಿಲ ಒಂದೇ ಆದ್ದರಿಂದ ಎರಡೂ ಸಮ ಬರಬೇಕು. ಬರದಿದ್ದರೆ ಊಹೆ ತಪ್ಪು, ತಿದ್ದಬೇಕು. ಜಾಲರಿ ಗಾಳಿಗೆ ಕೊಡುವ ಶಾಖವೂ, ಒಳಗಿನಿಂದ ಹೀರಿದ ಶಾಖಕ್ಕೆ ಕಂಪ್ರೆಸರಿನ ದುಡಿಮೆ ಸೇರಿಸಿದ ಮೊತ್ತವೂ ಸಮ ಬರಬೇಕು. ಒಂದನ್ನು ತಿದ್ದಿದರೆ ಇನ್ನೊಂದು ತಪ್ಪುತ್ತದೆ. ತಕ್ಕಡಿಯಲ್ಲಿ ಒಂದೊಂದೇ ಕಾಳು ಹಾಕಿ ತೂಗಿದ ಹಾಗೆ, ಎಲ್ಲವೂ ಸಮವಾಗುವವರೆಗೆ ಬಿಡುವಂತಿಲ್ಲ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಗ್ರಾಫ್ ಹಾಳೆಯ ಮೇಲೆ ಮಾಡುತ್ತಿದ್ದರು. ಬರುವ ಶಾಖಕ್ಕೊಂದು ಗೆರೆ, ಹೋಗುವ ಶಾಖಕ್ಕೊಂದು ಗೆರೆ. ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೋ ಅದೇ ಉತ್ತರ. ಮೊಮ್ಮಗಳೂ ಗ್ರಾಫ್ ಎಳೆದಳು. ಒಂದು ಗೆರೆ ಇಳಿಯುತ್ತ, ಇನ್ನೊಂದು ಏರುತ್ತ ಬಂದು 12ರ ಮೇಲೆ ಕತ್ತರಿ ಹಾಕಿದವು.

1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ಚಿಂತೆ ಜಗತ್ತಿಗೆಲ್ಲ ಹತ್ತಿತು. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡಲು ಶಾಖ ಪಂಪುಗಳತ್ತ ಗಮನ ಹೋಯಿತು. ಶಾಖ ಪಂಪು ಎಂದರೆ ಬೇರೇನಲ್ಲ, ತಿರುಗಿಸಿಟ್ಟ ಫ್ರಿಜ್ಜು. ಹೊರಗಿನ ಚಳಿಗಾಳಿಯಲ್ಲಿರುವ ಅಷ್ಟಿಷ್ಟು ಶಾಖವನ್ನೂ ಸೇದಿ ಮನೆಯೊಳಗೆ ಹಾಕುತ್ತದೆ. ಇಂಥದ್ದು ಸಾಧ್ಯ ಎಂದು ಲಾರ್ಡ್ ಕೆಲ್ವಿನ್ 1852ರಲ್ಲಿಯೇ ಹೇಳಿದ್ದರು. 1978ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಿಂದ, ಶಾಖ ಪಂಪಿನ ಸ್ಥಿರಸ್ಥಿತಿಯನ್ನು ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ವರದಿ ಹೊರಬಂತು. ಅದರ ನಂತರದ ಆವೃತ್ತಿಗಳು ಮುಂದೆಯೂ ಬಳಕೆಯಲ್ಲಿ ಉಳಿದವು. ಒಂದು ಯಂತ್ರವನ್ನು ಕಟ್ಟಿ, ತಪ್ಪಾದರೆ ಒಡೆದು, ಮತ್ತೆ ಕಟ್ಟುವ ಬದಲು ಮೊದಲು ಅಂಕಿಗಳಲ್ಲಿ ಕಟ್ಟಿ ನೋಡುವುದು ಇದರ ಲಾಭ.

ನಮ್ಮ ನಾಡಿನಲ್ಲೂ ಈ ಲೆಕ್ಕದ ಮೇಲೆ ನಿಂತ ಬದುಕುಗಳಿವೆ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣ ಕೆಡದಂತೆ, ವಿಜಯಪುರದ ಒಣದ್ರಾಕ್ಷಿ ಕಪ್ಪಾಗದಂತೆ ಶೀತಗೃಹಗಳಲ್ಲಿ ಕಾಯುತ್ತವೆ. ಹಳ್ಳಿಯ ಡೇರಿಗೆ ಬಂದ ಹಾಲನ್ನು ದೊಡ್ಡ ಸ್ಟೀಲ್ ತೊಟ್ಟಿಯಲ್ಲಿ 4 ಡಿಗ್ರಿಗೆ ಇಳಿಸುತ್ತಾರೆ. ಲಸಿಕೆಗಳು ಆಸ್ಪತ್ರೆಯವರೆಗೆ ತಂಪಿನಲ್ಲೇ ಪಯಣ ಮಾಡುತ್ತವೆ. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಆ ಯಂತ್ರ ಎಷ್ಟಕ್ಕೆ ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿರದಿದ್ದರೆ, ಜನವರಿಯಲ್ಲಿ ಚೆನ್ನಾಗಿದ್ದ ಯಂತ್ರ ಬೇಸಿಗೆಯಲ್ಲಿ ಕೈಕೊಡುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ತಪ್ಪು ಯಾರದು?

“ಈಗ ಹೇಳ್ರಿ ಅಜ್ಜಾ, 12 ಇದ್ದದ್ದು 4 ಆಗಬೇಕಂದ್ರ ಏನು ಮಾಡಬೇಕು?”

ಲೆಕ್ಕದಲ್ಲಿ ಮೂರು ಅಂಕಿ ನಮ್ಮ ಕೈಯಲ್ಲಿದ್ದವು. ಕೋಣೆಯ ಮೂಲೆಯ 40. ಬಾಗಿಲಿನ 30. ಯಂತ್ರ ಎತ್ತುವ 48. ಮೂರನೆಯದೇಕೆ ಇಷ್ಟು ಕಡಿಮೆ? ಇಬ್ಬರೂ ಫ್ರಿಜ್ಜಿನ ಹಿಂದೆ ಇಣುಕಿದೆವು.

ನನ್ನ ಅನುಮಾನ ನಿಜವಾಗಿತ್ತು. ಮಾರ್ಚ್ ತಿಂಗಳಲ್ಲಿ ಹೊಲದಿಂದ ಬಿಳಿಜೋಳ ಬಂದಾಗ ಚೀಲ ಇಡಲು ಜಾಗ ಸಾಲದೆ ಫ್ರಿಜ್ಜನ್ನು ಪಶ್ಚಿಮದ ಗೋಡೆಗೆ ಅಂಟಿಸಿ ತಳ್ಳಿದವನು ನಾನೇ. ಎರಡೂ ಪಕ್ಕಕ್ಕೆ ಜೋಳದ ಚೀಲ ನಿಲ್ಲಿಸಿದವನೂ ನಾನೇ. ಮಧ್ಯಾಹ್ನದ ಬಿಸಿಲಿಗೆ ಆ ಗೋಡೆ ಕಾದ ಹೆಂಚಿನಂತಾಗುತ್ತದೆ. ಕಪ್ಪು ಜಾಲರಿಯ ತುಂಬ ಜೋಳದ ದೂಳು ಕಂಬಳಿಯಂತೆ ಹೊದ್ದು ಕುಳಿತಿತ್ತು. ಶಾಖ ಹೊರಹೋಗುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ. ಜಾಲರಿ ಹೆಚ್ಚು ಬಿಸಿಯಾಗಿ, ಬಾವಿ ಆಳವಾಗಿ, ಪಾಪ, ಯಂತ್ರ ಹಗಲು ರಾತ್ರಿ ಸೇದಿದರೂ ಕೊಡಗಳು ಸಾಲುತ್ತಿರಲಿಲ್ಲ.

ಆಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವರು, “ಚೀಲ ಅಲ್ಲಿ ಬ್ಯಾಡ್ರೀ ಅಂತ ಆವತ್ತ ಹೇಳಿದ್ದೆ. ಲೆಕ್ಕ ಮಾಡಿದ ಮ್ಯಾಲೆ ತಿಳೀತೇನು?” ಎಂದರು. ನಾನು ಮಾತಾಡಲಿಲ್ಲ.

ಪ್ಲಗ್ ತೆಗೆದು, ಮಗನನ್ನು ಕರೆದು, ಫ್ರಿಜ್ಜನ್ನು ನಡುಮನೆಯ ನೆರಳಿನ ಗೋಡೆಗೆ ತಂದು, ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು. ಮೆತ್ತಗಿನ ಬ್ರಷ್ಷಿನಿಂದ ಜಾಲರಿಯ ದೂಳು ತೆಗೆದೆವು. ಬಾಗಿಲಿನ ರಬ್ಬರನ್ನು ಬೆಚ್ಚಗಿನ ನೀರಿನಲ್ಲಿ ಒರೆಸಿದಾಗ ಅದು ಮೆತ್ತಗಾಗಿ ಸರಿಯಾಗಿ ಕೂತಿತು. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದರೆ ಮೊದಲು ಸಲೀಸಾಗಿ ಬರುತ್ತಿತ್ತು, ಈಗ ಬಿಗಿಯಾಗಿ ಹಿಡಿಯಿತು.

ಮೊಮ್ಮಗಳು ಹೊಸ ಲೆಕ್ಕ ಹಾಕಿದಳು. ಹೊಸ ಜಾಗದಲ್ಲಿ 36 ಡಿಗ್ರಿ. ಬಾಗಿಲಿಗೆ 12 ವಾಟ್. ಜಾಲರಿ ಚೊಕ್ಕವಾದ್ದರಿಂದ ಯಂತ್ರ 48ರ ಬದಲು 72 ಎತ್ತಬಹುದೆಂದು ಊಹೆ. 4 ಡಿಗ್ರಿಯಲ್ಲಿ ಬರುವುದು 60, ಹೋಗುವುದು 80. ಹೋಗುವುದು ಹೆಚ್ಚು! ಅಂದರೆ ಯಂತ್ರ 4 ಡಿಗ್ರಿ ಕಾಯ್ದುಕೊಂಡು, ನಡುನಡುವೆ ವಿಶ್ರಾಂತಿಯನ್ನೂ ಪಡೆಯಬಹುದು. 80ರಲ್ಲಿ 60 ಎಂದರೆ ಮುಕ್ಕಾಲು ಪಾಲು. ತಾಸಿಗೆ 45 ನಿಮಿಷ ಓಟ, 15 ನಿಮಿಷ ವಿಶ್ರಾಂತಿ.

“ನಿಲ್ಲಸೋ ಗುಂಡಿ ಇಲ್ಲದಿದ್ರ?” ಎಂದು ಕೇಳಿ ತಾನೇ ಲೆಕ್ಕ ಮುಂದುವರಿಸಿದಳು. ಗೆರೆಗಳು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗೆ ಕೂಡಿದವು. ಹಾಗೆ ಬಿಟ್ಟರೆ ಇನ್ಸುಲಿನ್ ಹೆಪ್ಪುಗಟ್ಟುವ ಭಯ. ಗುಂಡಿಯನ್ನು ಮೊದಲಿದ್ದ ನಡುಮಟ್ಟಕ್ಕೆ ತಿರುಗಿಸಿ ಇಟ್ಟೆ.

ಆ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಫ್ರಿಜ್ಜು ಒಮ್ಮೆ ಕಟ್ ಎಂದು ನಿಂತಿತು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಗುಂಯ್ ಎನ್ನುವ ಸದ್ದು ಇರಲಿಲ್ಲ. ಮೂವರೂ ಸುಮ್ಮನೆ ಕೂತು ಆ ನಿಶ್ಶಬ್ದ ಕೇಳಿದೆವು. ಮುಂಜಾನೆ ಥರ್ಮಾಮೀಟರ್ 5 ತೋರಿಸಿತು. ಎರಡು ದಿನ ಕಾದು, ಮಧ್ಯಾಹ್ನದ ಹೊತ್ತಿಗೂ 6 ದಾಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸೀಸೆಗಳನ್ನು ಮನೆಗೆ ತಂದೆವು. ರಿಪೇರಿಯವರು ಬಂದು ನೋಡಿ ಗ್ಯಾಸೂ ಸರಿ, ಕಂಪ್ರೆಸರೂ ಸರಿ ಎಂದರು. ಚಹಾ ಕುಡಿದು ಹೋದರು.

ನಿಮ್ಮ ಮನೆಯಲ್ಲೂ ಒಮ್ಮೆ ಫ್ರಿಜ್ಜಿನ ಹಿಂದೆ ಇಣುಕಿ ನೋಡಿ. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಜಾಲರಿ ಹೊರಗೆ ಕಾಣುವುದಿಲ್ಲ, ಪಕ್ಕದ ಗೋಡೆಗಳ ಒಳಗೇ ಇರುತ್ತದೆ. ಕೈಯಿಟ್ಟರೆ ಪಕ್ಕ ಬೆಚ್ಚಗಿರುತ್ತದೆ. ಅದು ರೋಗವಲ್ಲ, ಶಾಖ ಹೊರಗೆ ಹೋಗುವ ದಾರಿ. ಆ ಪಕ್ಕಗಳಿಗೂ ಗಾಳಿಯಾಡಲು ಜಾಗ ಬಿಡಿ. ಸರಿಸುವುದು, ಒರೆಸುವುದು ಏನೇ ಇದ್ದರೂ ಮೊದಲು ಪ್ಲಗ್ ತೆಗೆಯಿರಿ. ಅದು ದೊಡ್ಡವರ ಕೆಲಸ.

ಗಡಿಗೆಯ ಉತ್ತರ

ಮೊಮ್ಮಗಳು ಅಷ್ಟಕ್ಕೆ ಬಿಡಲಿಲ್ಲ. ಜಾತ್ರೆಯ ಪ್ರಶ್ನೆ ಅವಳದು, ಉತ್ತರವೂ ಅವಳಿಗೇ ಬೇಕಿತ್ತು. ಎರಡು ಥರ್ಮಾಮೀಟರ್ ಪಡಸಾಲೆಯಲ್ಲಿ ತೂಗುಹಾಕಿದೆವು. ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಬುರುಡೆಗೆ ಒದ್ದೆ ಅರಿವೆ ಸುತ್ತಿ, ಬೀಸಣಿಗೆಯಿಂದ ಗಾಳಿ ಹಾಕಿದೆವು. ಮಧ್ಯಾಹ್ನ ಮೂರಕ್ಕೆ ಒಣ ಥರ್ಮಾಮೀಟರ್ 38 ತೋರಿಸಿದರೆ ಒದ್ದೆಯದು 23ಕ್ಕೆ ಇಳಿದು ನಿಂತಿತು. ಎಷ್ಟು ಬೀಸಿದರೂ ಕೆಳಗೆ ಹೋಗಲಿಲ್ಲ. ಗಡಿಗೆಯ ನೀರಿನಲ್ಲಿ ಅಳೆದಾಗ 26.

ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: “ಒದ್ದಿ ಅರಿವಿ ಎಷ್ಟಕ್ಕ ನಿಲ್ತದೋ ಅದಕ್ಕಿಂತ ಕೆಳಗ ಗಡಿಗಿ ಹೋಗಂಗಿಲ್ಲ. ಇವತ್ತು ಅದು 23. ಬರ್ಫ ಆಗಬೇಕಂದ್ರ ಸೊನ್ನಿ ಬೇಕು. ಅದಕ್ಕ ಆಗಂಗಿಲ್ಲ.” ಕೆಳಗೆ ಇನ್ನೊಂದು ಸಾಲು: “ಮಳಿಗಾಲದಾಗ ಮತ್ತ ನೋಡಬೇಕು.”

ಜುಲೈನಲ್ಲಿ ಮೋಡ ಕವಿದ ಒಂದು ದಿನ ಮತ್ತೆ ನೋಡಿದೆವು. ಒಣ ಥರ್ಮಾಮೀಟರ್ 28, ಒದ್ದೆಯದು 25. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರಿಂದ ನೀರು ಆರುವುದೇ ನಿಧಾನ. ಅಂದು ಗಡಿಗೆಯ ನೀರು ಹೊರಗಿನ ಗಾಳಿಗಿಂತ ಹೆಚ್ಚೇನೂ ತಂಪಿರಲಿಲ್ಲ. ಬೇಸಿಗೆಯಲ್ಲಿ ಗಡಿಗೆಯ ನೀರೇ ರುಚಿ, ಮಳೆಗಾಲದಲ್ಲಿ ಅಲ್ಲ ಎಂದು ಆಯಿ ಮೊದಲಿನಿಂದ ಹೇಳುತ್ತಿದ್ದುದಕ್ಕೆ ಈಗ ಅಂಕಿಗಳ ಸಾಕ್ಷಿಯೂ ಸಿಕ್ಕಿತು.

ಬನದ ಹುಣ್ಣಿಮೆ ಮತ್ತೆ ಬರುತ್ತದೆ. ಈ ಸಲ ಥರ್ಮಾಮೀಟರ್ ಜಾತ್ರೆಗೆ ತರುತ್ತೇನೆಂದು ಮೊಮ್ಮಗಳು ಹೇಳಿದ್ದಾಳೆ. ಮೊಸರಿನ ಗಡಿಗೆಯಲ್ಲಿ ಅದನ್ನು ಅದ್ದಲು ಆ ಹೆಣ್ಣುಮಕ್ಕಳು ಬಿಡುವುದಿಲ್ಲ ಎಂದು ಆಯಿ. “ಮೊದಲ ಗಡಿಗಿ ಕೊಳ್ಳೋಣು, ಆಮ್ಯಾಲೆ ಅದ್ದೋಣು, ಆಮ್ಯಾಲೆ ತಿನ್ನೋಣು” ಎನ್ನುತ್ತಾಳೆ ಅವಳು. ಮಾರ್ಚಿನಲ್ಲಿ ಜೋಳದ ಚೀಲ ಎಲ್ಲಿ ಇಡಬೇಕೆಂದು ಮಾತ್ರ ಈಗಲೇ ನನಗೆ ಹೇಳಿಟ್ಟಿದ್ದಾಳೆ.